ಹ್ಯಾರಿಯಟ್ ಪವರ್ಸಳ ಚಿತ್ರಕೌದಿಗಳು

ಚರಿತ್ರೆಯನ್ನು ಬರೆಯಹೊರಟವನು ಮೊದಲು ಕಲ್ಲನ್ನೂ ತಾಮ್ರದ ತಗಡನ್ನೂ ಓಲೆಯ ಗರಿಯನ್ನೂ ಹುಡುಕುವನು. ಇದು ಸಹಜವಾದುದೇ. ಕಲ್ಲು ಮಳೆಗೆ ಕರಗುವುದಿಲ್ಲ. ತಾಮ್ರವು ನೂರಾರು ವರ್ಷ ನೆಲದೊಳಗಿದ್ದರೂ ಅಕ್ಷರವನ್ನು ಉಳಿಸಿಕೊಳ್ಳುತ್ತದೆ. ಬಟ್ಟೆಯನ್ನು ಮಾತ್ರ ಯಾರೂ ಹುಡುಕುವುದಿಲ್ಲ. ಅದು ಉಟ್ಟವರ ಮೈಮೇಲೆಯೇ ಸವೆಯುತ್ತದೆ, ನುಸಿಗೂ ಇಲಿಗೂ ಆಹಾರವಾಗುತ್ತದೆ, ಕೊನೆಗೆ ಒಲೆಯ ಮಸಿ ಒರೆಸುವ ಚಿಂದಿಯಾಗಿ ಮುಗಿಯುತ್ತದೆ. ಬಟ್ಟೆಯ ಮೇಲೆ ಚರಿತ್ರೆಯನ್ನು ಬರೆಯುವವರು ಯಾರು, ಬರೆದರೆ ಓದುವವರು ಯಾರು ಎಂದು ಕೇಳಿದರೆ ಪಂಡಿತರು ನಕ್ಕಾರು.

ಆದರೂ ನಮ್ಮ ಮನೆಗಳಲ್ಲಿ ಒಂದು ವಸ್ತುವುಂಟು. ಹಾಸಿಗೆಯ ಮೂಲೆಯಲ್ಲಿ ಮಡಿಸಿಟ್ಟಿರುವ ಅಜ್ಜಿಯ ಕೌದಿಯನ್ನು ವಾಚಕರಲ್ಲಿ ಬಹುಮಂದಿ ಬಲ್ಲರು. ಅದನ್ನು ಬಿಡಿಸಿ ಅಜ್ಜಿಯನ್ನು ಕೇಳಿದರೆ, ಈ ಕೆಂಪು ತುಂಡು ಯಾರ ಮದುವೆಯ ಸೀರೆಯದು, ಈ ಗೀರಿನ ತುಂಡು ಯಾವ ಮಗುವಿನ ಅಂಗಿಯದು ಎಂಬುದನ್ನು ಆಕೆಯು ಬೆರಳಿಟ್ಟು ತೋರಿಸುವಳು. ಅಜ್ಜಿಯು ಹೋದ ಮೇಲೆ ಕೌದಿ ಉಳಿಯುತ್ತದೆ, ಕಥೆ ಉಳಿಯುವುದಿಲ್ಲ. ಅಕ್ಷರವು ಬಟ್ಟೆಯಲ್ಲಿ ಇರಲಿಲ್ಲ, ಆಕೆಯ ನಾಲಗೆಯಲ್ಲಿತ್ತು.

ಹೀಗೆ ನಾಲಗೆಯ ಮೇಲಿದ್ದ ಕಥೆಯು ಬಟ್ಟೆಯ ಜೊತೆಗೆ ಉಳಿದುಬಂದ ಒಂದು ಅಪೂರ್ವ ಸಂಗತಿಯನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇವೆ. ಇದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದುದು. ಗುಲಾಮಳಾಗಿ ಹುಟ್ಟಿದ ಹ್ಯಾರಿಯಟ್ ಪವರ್ಸ್ ಎಂಬ ಹೆಂಗಸೊಬ್ಬಳು ಅರಿವೆಯ ಚೂರುಗಳಿಂದ ಆನೆ, ಒಂಟೆ, ಸಿಂಹ, ತಿಮಿಂಗಿಲ, ಹಂದಿ, ಹಕ್ಕಿಗಳನ್ನು ಕತ್ತರಿಸಿ, ಅವುಗಳ ನಡುವೆ ದೇವರ ಕಥೆಯನ್ನೂ ತನ್ನ ಜನರ ನೆನಪನ್ನೂ ಹೊಲಿದಿಟ್ಟಳು. ಆಕೆಯ ಕೈಯ ಎರಡು ಕೌದಿಗಳು ಮಾತ್ರ ಇಂದಿಗೆ ಉಳಿದಿವೆ. ಒಂದು ವಾಷಿಂಗ್ಟನ್ ನಗರದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ; ಇನ್ನೊಂದು ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿದೆ.

ಹ್ಯಾರಿಯಟ್ಟಳು ೧೮೩೭ನೆಯ ಇಸವಿ ಅಕ್ಟೋಬರ್ ೨೯ರಂದು ಜಾರ್ಜಿಯಾ ಪ್ರಾಂತ್ಯದ ಅಥೆನ್ಸ್ ಎಂಬ ಊರಿನ ಆಸುಪಾಸಿನಲ್ಲಿ ಹುಟ್ಟಿದಳು. ಗ್ರೀಸ್ ದೇಶದ ಪ್ರಸಿದ್ಧ ಪಟ್ಟಣದ ಹೆಸರನ್ನು ಹೊತ್ತ ಈ ಊರು ವಿಶ್ವವಿದ್ಯಾಲಯವುಳ್ಳ ವಿದ್ಯಾಸ್ಥಾನ. ಆದರೆ ಅದರ ಸಂಪತ್ತು ಹತ್ತಿಯದು, ಆ ಹತ್ತಿಯನ್ನು ಬಿಡಿಸುತ್ತಿದ್ದ ಕೈಗಳು ಗುಲಾಮರವು. ೧೮೨೯ರಲ್ಲಿಯೇ ಜಾರ್ಜಿಯಾದ ಶಾಸನಸಭೆಯು ಗುಲಾಮರಿಗೆ ಓದು ಬರಹ ಕಲಿಸುವುದನ್ನು ಅಪರಾಧವೆಂದು ವಿಧಿಸಿತ್ತು. ಕಲಿಸಿದವರಿಗೆ ದಂಡವೋ ಚಾವಟಿಯ ಏಟೋ ಕಾದಿರುತ್ತಿತ್ತು. ವಿದ್ಯಾಪೀಠದ ನೆರಳಿನಲ್ಲಿಯೇ ವಿದ್ಯೆಯನ್ನು ನಿಷೇಧಿಸಿದ ಆ ನಾಡಿನಲ್ಲಿ ಈ ಹುಡುಗಿಯ ಕೈಗೆ ಬಂದುದು ಲೇಖನಿಯಲ್ಲ, ಸೂಜಿ.

ಆ ಸೂಜಿಗೆ ಸಿಕ್ಕಿದ ಬಟ್ಟೆಯ ಹೆಸರನ್ನು ಇಲ್ಲಿ ಸ್ಮರಿಸುವುದು ಅಪ್ರಕೃತವಾಗಲಾರದು. ಚಿತ್ರ ಮುದ್ರಿಸಿದ ಅಗ್ಗದ ಹತ್ತಿಯ ಬಟ್ಟೆಯನ್ನು ಅಮೆರಿಕದವರು ಕ್ಯಾಲಿಕೊ ಎನ್ನುವರು. ಈ ಹೆಸರು ನಮ್ಮ ನೆರೆಯ ಕಲ್ಲಿಕೋಟೆಯ ಬಂದರಿನಿಂದ ಬಂದುದು. ಇನ್ನು ಆ ಸೀಮೆಯ ಹತ್ತಿಗೂ ಕನ್ನಡ ನಾಡಿಗೂ ನಂಟುಂಟು. ೧೮೪೦ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬಿತ್ತಿಸಿತು. ಅದು ಬೇರೂರಿ ‘ಧಾರವಾಡ ಅಮೆರಿಕನ್’ ಎಂದು ಪೇಟೆಗಳಲ್ಲಿ ಹೆಸರಾಯಿತು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಬರದೆ ನಿಂತಾಗ ನಮ್ಮ ರೈತರ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಯುದ್ಧ ನಿಂತೊಡನೆ ಆ ಬೆಲೆ ಕುಸಿದುಬಿದ್ದಿತು. ನಮ್ಮವರಿಗೆ ಲಾಭವನ್ನೂ ಬಳಿಕ ನಷ್ಟವನ್ನೂ ತಂದ ಆ ಯುದ್ಧವೇ ಹ್ಯಾರಿಯಟ್ಟಳಿಗೆ ಬಿಡುಗಡೆಯನ್ನು ತಂದಿತು.

ಆಕೆಯು ೧೮೫೫ರಲ್ಲಿ ಆರ್ಮ್‌ಸ್ಟೆಡ್ ಪವರ್ಸ್ ಎಂಬವನನ್ನು ಮದುವೆಯಾಗಿದ್ದಳು. ಕನಿಷ್ಠ ಒಂಬತ್ತು ಮಕ್ಕಳನ್ನು ಹೆತ್ತಳು. ಬಿಡುಗಡೆಯಾದ ಮೇಲೆ ದಂಪತಿಗಳು ದುಡಿದು, ೧೮೮೦ರ ದಶಕದ ಹೊತ್ತಿಗೆ ನಾಲ್ಕು ಎಕರೆ ಸ್ವಂತ ಭೂಮಿಯನ್ನು ಮಾಡಿಕೊಂಡರು. ತಾವೇ ಒಬ್ಬರ ಸ್ವತ್ತಾಗಿದ್ದವರು ಈಗ ನೆಲದ ಸ್ವಾಮಿಗಳಾದರು. ಆ ದಿನಗಳಲ್ಲಿ, ಹೊಲಮನೆಯ ಕೆಲಸದ ನಡುವೆ, ಹ್ಯಾರಿಯಟ್ಟಳು ತನ್ನ ಮೊದಲನೆಯ ಚಿತ್ರಕೌದಿಯನ್ನು ಹೊಲಿದಳು. ಅದು ೧೮೮೫-೮೬ರ ಕೆಲಸವೆಂದು ಬಲ್ಲವರ ಅಭಿಪ್ರಾಯ.

೧೮೮೬ರಲ್ಲಿ ಅಥೆನ್ಸಿನಲ್ಲಿ ಹತ್ತಿಯ ಜಾತ್ರೆಯೊಂದು ನಡೆಯಿತು. ದನ, ಧಾನ್ಯ, ಹತ್ತಿಯ ಹಿಂಡಿಗೆ, ಹೆಂಗಸರ ಕಸೂತಿ ಮೊದಲಾದುವುಗಳ ನಡುವೆ ಒಂದು ಮೂಲೆಯಲ್ಲಿ ಈ ಕೌದಿಯೂ ತೂಗುತ್ತಿತ್ತು. ಆ ಊರಿನ ಲೂಸಿ ಕಾಬ್ ವಿದ್ಯಾಲಯದಲ್ಲಿ ಚಿತ್ರಕಲೆಯನ್ನು ಕಲಿಸುತ್ತಿದ್ದ ಜೆನ್ನಿ ಸ್ಮಿತ್ ಎಂಬ ಬಿಳಿಯ ಮಹಿಳೆಯು ಅದನ್ನು ಕಂಡು ಬೆರಗಾದಳು. ಹೊಲಿದವಳು ಯಾರೆಂದು ವಿಚಾರಿಸಿ, ಹುಡುಕಿಕೊಂಡು ಹೋಗಿ, ಕೊಂಡುಕೊಳ್ಳುವೆನೆಂದಳು. ಹ್ಯಾರಿಯಟ್ಟಳು ಯಾವ ಬೆಲೆಗೂ ಕೊಡುವುದಿಲ್ಲವೆಂದುಬಿಟ್ಟಳು.

ಅದರಲ್ಲಿ ಅಂಥದೇನಿತ್ತು? ಕೌದಿಯು ಸುಮಾರು ಆರೂಕಾಲು ಅಡಿಗೆ ಏಳೂವರೆ ಅಡಿಯಷ್ಟು ವಿಸ್ತಾರವಾದುದು. ಮೂರು ಸಾಲುಗಳಲ್ಲಿ ೧೧ ಅಂಕಣಗಳು. ಎಲ್ಲಕ್ಕೂ ಸೇರಿ ಸುಮಾರು ೩೦೦ ಅರಿವೆಯ ತುಂಡುಗಳು. ಹೊಲಿಗೆಯ ಕ್ರಮವು ಸರಳವಾದುದು. ಮನಸ್ಸಿನಲ್ಲಿದ್ದ ಪ್ರಾಣಿಯ ಆಕಾರಕ್ಕೆ ಬಟ್ಟೆಯನ್ನು ಕತ್ತರಿಯಿಂದ ತೆಗೆದು, ಅಂಚನ್ನು ಒಳಕ್ಕೆ ಮಡಿಸಿ, ಅಗಲವಾದ ಬೇರೊಂದು ಬಟ್ಟೆಯ ಮೇಲೆ ಅದನ್ನು ಇಟ್ಟು ಸುತ್ತಲೂ ಹೊಲಿಯುವುದು. ಹೀಗೆ ಸಿದ್ಧವಾದ ಮೇಲುಬಟ್ಟೆಗೂ ಕೆಳಬಟ್ಟೆಗೂ ನಡುವೆ ಹತ್ತಿಯನ್ನು ಹರಡಿ ಮೂರನ್ನೂ ಒಂದಾಗಿ ಹೊಲಿಯುವುದು. ಕೆಲವೆಡೆ ಕೈಯ ಹೊಲಿಗೆ, ಕೆಲವೆಡೆ ಯಂತ್ರದ ಹೊಲಿಗೆ ಕಾಣುತ್ತದೆ. ಅಳತೆಯ ಪಟ್ಟಿಯನ್ನಾಗಲಿ ಮಾದರಿಯ ಹಾಳೆಯನ್ನಾಗಲಿ ನೆಚ್ಚಿದ ಕೆಲಸವಲ್ಲ. ಅಂಕಣಗಳು ಒಂದೊಂದು ಒಂದೊಂದು ಅಳತೆಗೆ ಇವೆ, ಗೆರೆಗಳು ಓರೆಯಾಗಿವೆ. ಆದರೆ ಒಂದೊಂದು ಪ್ರಾಣಿಯೂ ಈಗಲೇ ಎದ್ದು ನಡೆಯುವಂತಿದೆ.

ಮೊದಲನೆಯ ಅಂಕಣದಲ್ಲಿ ಆದಾಮನೂ ಹವ್ವಳೂ ಏದೆನ್ ತೋಟದಲ್ಲಿ ನಿಂತಿದ್ದಾರೆ. ಆನೆ, ಒಂಟೆ, ಉಷ್ಟ್ರಪಕ್ಷಿ, ಸಮುದ್ರದ ಮಹಾಜಂತು ಇವುಗಳಿಗೆ ಹೆಸರಿಡುವ ಕಾಲ. ಮುಂದಿನದರಲ್ಲಿ ಹಸುರು ಕೆಂಪು ಕ್ಯಾಲಿಕೊಗಳಿಂದಾದ ಸ್ವರ್ಗದ ಹಕ್ಕಿಯೊಂದು ಮೂಲೆಯಲ್ಲಿ ಮೆರೆಯುತ್ತಿದೆ. ತಮ್ಮನನ್ನು ಕೊಂದ ಕಾಯಿನನು ಹೆಂಡತಿಯನ್ನು ಹುಡುಕುತ್ತ ಪರದೇಶಕ್ಕೆ ಹೋಗುವ ಅಂಕಣದಲ್ಲಿ ಕರಡಿ, ಚಿರತೆ, ಕಡವೆಗಳಿವೆ. ‘ಕಾಂಗರೂ ಹಂದಿ’ ಎಂದು ಹ್ಯಾರಿಯಟ್ಟಳೇ ಹೆಸರಿಟ್ಟ ಒಂದು ಪ್ರಾಣಿಯೂ ಇದೆ. ನಡುವೆ ಕಿತ್ತಳೆಯ ಬಣ್ಣದ ಸಿಂಹ; ಅದರ ಕೆಳದುಟಿಯಿಂದ ಬಿಳಿಯ ಹಲ್ಲೊಂದು ಹೊರಚಾಚಿದೆ. ಯಾಕೋಬನ ಕನಸು, ಕ್ರಿಸ್ತನ ಸ್ನಾನದೀಕ್ಷೆ, ಮೂವತ್ತು ಬೆಳ್ಳಿಯ ನಾಣ್ಯಗಳೊಡನೆ ಯೂದಾಸ, ಕಡೆಯ ಭೋಜನ, ಶಿಲುಬೆ, ಹೀಗೆ ಪುರಾಣವು ಆದಿಯಿಂದ ಅಂತ್ಯದವರೆಗೆ ಅರಿವೆಯಲ್ಲಿಯೇ ನಡೆಯುತ್ತದೆ.

ಐದು ವರ್ಷಗಳು ಕಳೆದವು. ಹತ್ತಿಯ ಬೆಲೆ ಇಳಿಯುತ್ತಿತ್ತು. ಸಣ್ಣ ಹಿಡುವಳಿದಾರರ ಬಾಳು ಬಿಗಿಯಾಯಿತು. ಕೌದಿಯನ್ನು ಮಾರಲು ಸಿದ್ಧಳೆಂದು ಹ್ಯಾರಿಯಟ್ಟಳೇ ಹೇಳಿಕಳುಹಿಸಿದಳು. ಆಗ ಜೆನ್ನಿಯ ಕೈಯಲ್ಲಿ ಹಣವಿರಲಿಲ್ಲ. ಸ್ವಲ್ಪ ಕಾಲದ ಮೇಲೆ ಜೆನ್ನಿಯು ತಾನೇ ಮತ್ತೆ ಹೇಳಿಕಳುಹಿಸಿದಳು. ೧೮೯೧ರ ಒಂದು ದಿನ ಆಕೆಯ ಬಾಗಿಲಿಗೆ ಎತ್ತಿನ ಗಾಡಿಯೊಂದು ಬಂದು ನಿಂತಿತು. ಹ್ಯಾರಿಯಟ್ಟಳು ಕೌದಿಯನ್ನು ಒಗೆದ ಹಿಟ್ಟಿನ ಚೀಲದಲ್ಲಿ ಸುತ್ತಿ, ಅದನ್ನು ಮತ್ತೊಂದು ಗೋಣಿಯಲ್ಲಿ ಇಟ್ಟು, ಮಗುವನ್ನು ಕೂರಿಸಿಕೊಂಡಂತೆ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಹತ್ತು ಡಾಲರು ಕೇಳಿದಳು. ಜೆನ್ನಿಯು ತನ್ನಿಂದ ಐದು ಡಾಲರಿಗಿಂತ ಹೆಚ್ಚು ಕೊಡಲಾಗದೆಂದಳು. ಹ್ಯಾರಿಯಟ್ಟಳು ಹೊರಗೆ ಹೋಗಿ ಗಾಡಿಯ ಬಳಿಯಲ್ಲಿದ್ದ ಗಂಡನೊಡನೆ ಆಲೋಚಿಸಿದಳು. ಐದನ್ನೇ ತೆಗೆದುಕೊಳ್ಳುವುದು ಲೇಸೆಂದು ಅವನು ಹೇಳಿದನಂತೆ. ಆಕೆಯು ಒಳಗೆ ಬಂದು ಕೌದಿಯನ್ನು ಕೊಟ್ಟಳು.

ಆದರೆ ಕೊಟ್ಟು ಸುಮ್ಮನೆ ಹೋಗಲಿಲ್ಲ. ಇಲ್ಲಿಯೇ ನಮ್ಮ ಕಥೆಯ ಜೀವವಿರುವುದು. ಹ್ಯಾರಿಯಟ್ಟಳು ೧೧ ಅಂಕಣಗಳನ್ನೂ ಒಂದೊಂದಾಗಿ ತೋರಿಸಿ, ಇದು ಯಾರು, ಅದು ಯಾವ ಪ್ರಾಣಿ, ಏಕೆ ಇಲ್ಲಿ ನಿಂತಿದೆ ಎಂಬುದನ್ನೆಲ್ಲ ಮನಸ್ಸಿಟ್ಟು ವಿವರಿಸಿದಳು. ಮಗಳನ್ನು ಅತ್ತೆಯ ಮನೆಗೆ ಒಪ್ಪಿಸುವ ತಾಯಿಯು ಆಕೆಯ ಇಷ್ಟಾನಿಷ್ಟಗಳನ್ನು ಹೇಳಿಹೋಗುವಂತೆ ಈಕೆಯು ಹೇಳಿದಳು. ಜೆನ್ನಿಯು ಅದನ್ನು ಬರೆದಿಟ್ಟಳು. ಆ ಬರಹವು ಇಲ್ಲದಿದ್ದರೆ ಆ ಸಿಂಹವೂ ಆ ಕಾಂಗರೂ ಹಂದಿಯೂ ಮೂಕವಾಗಿ ಉಳಿಯುತ್ತಿದ್ದವು. ಅನಂತರವೂ ಹ್ಯಾರಿಯಟ್ಟಳು ಹಲವು ಸಲ ಆ ಮನೆಗೆ ಬಂದು ತನ್ನ ಕೌದಿಯನ್ನು ನೋಡಿಹೋದಳೆಂದು ಜೆನ್ನಿಯೇ ಬರೆದಿದ್ದಾಳೆ. ಆಕೆಯ ದುಃಖಕ್ಕೆ ಸ್ವಲ್ಪವಾದರೂ ಸಮಾಧಾನ ತಂದುದು ಒಂದೇ ಮಾತು: ತನ್ನ ಮನೆಯಲ್ಲಿ ಉಳಿಯುವ ಅರಿವೆಯ ಚೂರುಗಳನ್ನೆಲ್ಲ ಎತ್ತಿಟ್ಟು ನಿನಗೇ ಕೊಡುವೆನೆಂದು ಜೆನ್ನಿಯು ಮಾತುಕೊಟ್ಟಳು. ಹಣಕ್ಕಿಂತ ಚೂರು ಹೆಚ್ಚಾಗಿ ಕಂಡ ಆ ಮನಸ್ಸು ಎಂಥದೆಂಬುದನ್ನು ವಾಚಕರೇ ಊಹಿಸಬೇಕು.

ಜೆನ್ನಿ ಸ್ಮಿತ್‌ಳಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಆಕೆಯ ಬರಹದಲ್ಲಿ ಒಂದು ನಗೆಯೂ ಸೇರಿದೆಯೆಂಬುದನ್ನು ಮರೆಮಾಚಬಾರದು. ಏದೆನ್ ತೋಟದ ಪ್ರಾಣಿಗಳಲ್ಲಿ ಯಾವುದಕ್ಕೂ ಕಾಲುಗಳಿಲ್ಲ, ಕಾಲಿಲ್ಲದ ಸರ್ಪವೊಂದಕ್ಕೆ ಮಾತ್ರ ಕಾಲುಗಳನ್ನು ಹೊಲಿದಿದ್ದಾಳೆ ಎಂದು ಆಕೆಯು ವಿನೋದವಾಗಿ ಬರೆದಳು. ಆದರೆ ಆ ಗ್ರಂಥವನ್ನು ತೆರೆದು ನೋಡಿದರೆ ಏನು ಕಾಣುತ್ತದೆ? ಹವ್ವಳನ್ನು ವಂಚಿಸಿದ ತಪ್ಪಿಗಾಗಿ ಸರ್ಪವು ಇನ್ನು ಮೇಲೆ ಹೊಟ್ಟೆಯ ಮೇಲೆ ತೆವಳಲೆಂದು ದೇವರು ಶಪಿಸಿದನು. ಶಾಪಕ್ಕೆ ಮುಂಚೆ ಅದು ತೆವಳುತ್ತಿರಲಿಲ್ಲವೆಂದಾಯಿತಷ್ಟೆ. ಹಾಗಾದರೆ ಅದಕ್ಕೆ ಕಾಲುಗಳು ಇದ್ದಿರಲೇಬೇಕು. ಶಾಪವು ಇನ್ನೂ ಬಿದ್ದಿರದ ಗಳಿಗೆಯನ್ನು ಹೊಲಿಯುತ್ತಿದ್ದವಳು ಸರ್ಪಕ್ಕೆ ಕಾಲಿಟ್ಟುದು ಅಜ್ಞಾನದಿಂದಲ್ಲ, ಕಥೆಯನ್ನು ಕ್ರಮವಾಗಿ ತಿಳಿದುದರಿಂದ. ವಿದ್ಯಾಲಯದ ಚಿತ್ರಶಿಕ್ಷಕಿಗೆ ತೋರದ ಸೂಕ್ಷ್ಮವು ಕೌದಿ ಹೊಲಿಯುವವಳಿಗೆ ತೋರಿತ್ತು.

ಮೊದಲನೆಯ ಕೌದಿಯು ೧೮೯೫ರಲ್ಲಿ ಅಟ್ಲಾಂಟಾ ನಗರದಲ್ಲಿ ನಡೆದ ಹತ್ತಿಪ್ರಾಂತ್ಯಗಳ ಮಹಾಪ್ರದರ್ಶನಕ್ಕೆ ಹೋಯಿತು. ಅದೇ ಹೊತ್ತಿಗೆ ಹ್ಯಾರಿಯಟ್ಟಳು ಎರಡನೆಯ ಚಿತ್ರಕೌದಿಯನ್ನು ಆರಂಭಿಸಿದಳು. ಇದು ೧೮೯೫ರಿಂದ ೧೮೯೮ರ ನಡುವೆ ಆದುದು, ೧೫ ಅಂಕಣಗಳುಳ್ಳದ್ದು. ಇದರ ವಿವರಣೆಯೂ ಆಕೆಯ ಬಾಯಿಂದ ಬಂದು ಬರಹದಲ್ಲಿ ಉಳಿದಿದೆ. ಇದರಲ್ಲಿ ಪುರಾಣದ ಕಥೆಯೊಡನೆ ಆಕೆಯ ಸೀಮೆಯ ಚರಿತ್ರೆಯೂ ಸೇರಿಕೊಂಡಿರುವುದು ವಿಶೇಷ. ಯೋನನನ್ನು ನುಂಗುವ ತಿಮಿಂಗಿಲವೂ ಅದರ ಸುತ್ತಲಿನ ಆಮೆಗಳೂ ಒಂದು ಕಡೆ. ಗಂಡು ಹೆಣ್ಣಾಗಿ ಜೋಡಿ ಜೋಡಿಯಾಗಿ ಸೃಷ್ಟಿಗೊಂಡ ಒಂಟೆ, ಆನೆ, ಜಿರಾಫೆ, ಸಿಂಹಗಳು ಇನ್ನೊಂದು ಕಡೆ. ಇವುಗಳ ನಡುನಡುವೆ ಇಸವಿಯನ್ನು ಹೇಳಿ ಗುರುತಿಸಿದ ಲೌಕಿಕ ಘಟನೆಗಳು.

ಮೊದಲನೆಯ ಘಟನೆ ೧೭೮೦ನೆಯ ಇಸವಿ ಮೇ ೧೯ರ ಕತ್ತಲೆಯ ಹಗಲು. ಅಂದು ಅಮೆರಿಕದ ಈಶಾನ್ಯ ಸೀಮೆಯಲ್ಲಿ ನಡುಹಗಲಿನಲ್ಲಿಯೇ ರಾತ್ರಿಯಂತೆ ಕತ್ತಲೆ ಕವಿದು ಜನರು ದೀಪ ಹಚ್ಚಿದರು. ಕೆನಡಾದ ಕಾಡ್ಗಿಚ್ಚಿನ ಹೊಗೆಯೇ ಇದಕ್ಕೆ ಕಾರಣವೆಂದು ಮರದ ಉಂಗುರಗಳ ಪರೀಕ್ಷೆಯಿಂದ ಈ ಶತಮಾನದ ಶಾಸ್ತ್ರಜ್ಞರು ತೋರಿಸಿದ್ದಾರೆ. ಹ್ಯಾರಿಯಟ್ಟಳು ಹುಟ್ಟುವುದಕ್ಕೆ ೫೭ ವರ್ಷ ಮೊದಲು, ಆಕೆಯ ಊರಿಗೆ ಬಹುದೂರದಲ್ಲಿ ನಡೆದುದಿದು. ಆದರೂ ಆಕೆಯ ಬಟ್ಟೆಯಲ್ಲಿ ತಾರೀಖಿನ ಸಮೇತ ನೆಲೆನಿಂತಿದೆ. ಆ ಹಗಲು ದನಗಳು ಮಲಗಿದವು, ಕೋಳಿಗಳು ಗೂಡು ಸೇರಿದವು ಎಂದು ಆಕೆಯು ಹೇಳಿದಳು. ಪ್ರಳಯವಾಯಿತೋ ಎಂದು ಜನರು ನಡುಗುತ್ತಿದ್ದಾಗ ಕೊಟ್ಟಿಗೆಯ ದನವು ಏನು ಮಾಡಿತೆಂಬುದನ್ನು ನೆನೆದವಳು ಈಕೆ.

ಎರಡನೆಯದು ೧೮೩೩ರ ನವೆಂಬರ್ ೧೩ರ ರಾತ್ರಿ ನಕ್ಷತ್ರಗಳು ಉದುರಿದುದು. ಸಿಂಹರಾಶಿಯ ದಿಕ್ಕಿನಿಂದ ಉಲ್ಕೆಗಳು ಮಳೆಯಂತೆ ಸುರಿದ ಆ ರಾತ್ರಿಯು ಖಗೋಲಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಹುಟ್ಟಿದ ದಿನವನ್ನು ಬರೆದಿಡುವ ಹಕ್ಕಿಲ್ಲದ ಗುಲಾಮರು, ನಕ್ಷತ್ರ ಉದುರಿದ ವರ್ಷದಲ್ಲಿ ಹುಟ್ಟಿದೆ, ಅದಾದ ಇಷ್ಟು ವರ್ಷಕ್ಕೆ ಹುಟ್ಟಿದೆ ಎಂದು ವಯಸ್ಸನ್ನು ಲೆಕ್ಕ ಹಾಕುತ್ತಿದ್ದರು. ನಮ್ಮ ಹಿರಿಯರೂ ೧೮೭೬-೭೮ರ ಧಾತು-ಈಶ್ವರ ಸಂವತ್ಸರಗಳ ಬರವನ್ನು ಹಿಡಿದು ಹೀಗೆಯೇ ಲೆಕ್ಕ ಹಾಕುತ್ತಿದ್ದುದು ಹಲವರಿಗೆ ನೆನಪಿರಬಹುದು. ಈ ಅಂಕಣದಲ್ಲಿ ಜನರು ಹೆದರಿ ನಿಂತಿದ್ದಾರೆ. ಕಾಡಿನ ಪ್ರಾಣಿಗಳು ತಮ್ಮ ಮಲಗುವ ತಾಣಗಳಿಂದ ಓಡಿಬಂದಿವೆ. ಮೇಲೆ ದೇವರ ಕೈಯೊಂದು ನಕ್ಷತ್ರಗಳನ್ನು ತಡೆಹಿಡಿದಿದೆ.

ಮೂರನೆಯದು ಆಕೆಯೇ ಕಂಡುದು. ೧೮೯೫ರ ಫೆಬ್ರವರಿ ೧೦ರ ಘೋರವಾದ ಚಳಿ. ಪ್ರಾರ್ಥನೆ ಮಾಡುತ್ತಿದ್ದ ಹೆಂಗಸೊಬ್ಬಳು ಹಾಗೆಯೇ ಹೆಪ್ಪುಗಟ್ಟಿದಳು; ಹಿಟ್ಟಿನ ಚೀಲ ಹೊತ್ತವನೊಬ್ಬನು ದಾರಿಯಲ್ಲಿ ಸತ್ತನು; ಹೇಸರಗತ್ತೆಯ ಉಸಿರು ಹಿಮದ ಕಡ್ಡಿಯಾಗಿ ತೂಗಿತು; ನೀಲಿಹಕ್ಕಿಗಳೆಲ್ಲ ಸತ್ತುಹೋದವು. ಆಕೆಯು ಇದನ್ನು ‘ಚಳಿಯ ಗುರುವಾರ’ ಎಂದು ಕರೆದಿದ್ದಾಳೆ. ಗಣನೆ ಮಾಡಿದರೆ ಆ ತಾರೀಖು ಭಾನುವಾರಕ್ಕೆ ಬರುತ್ತದೆ. ವಾರ ತಪ್ಪಿರಬಹುದು, ಆದರೆ ಹಕ್ಕಿಗಳ ಸಂಗತಿ ತಪ್ಪಲಿಲ್ಲ. ಆ ಚಳಿಗಾಲದಲ್ಲಿ ಅಮೆರಿಕದ ಪೂರ್ವಭಾಗದ ನೀಲಿಹಕ್ಕಿಗಳು ಅಸಂಖ್ಯಾತವಾಗಿ ಮಡಿದು, ಆ ಜಾತಿಯೇ ಬಹುಮಟ್ಟಿಗೆ ವಿರಳವಾಯಿತೆಂದು ಪಕ್ಷಿಶಾಸ್ತ್ರಜ್ಞರು ದಾಖಲೆ ಮಾಡಿದ್ದಾರೆ. ಶಾಸ್ತ್ರಜ್ಞರು ಪುಸ್ತಕದಲ್ಲಿ ಬರೆದುದನ್ನು ಈಕೆಯು ಬಟ್ಟೆಯಲ್ಲಿ ಬರೆದಳು.

ಇನ್ನೊಂದು ಅಂಕಣವನ್ನು ಹೇಳದೆ ಮುಂದುವರಿಯಲಾಗದು. ದೇವರನ್ನು ಅರಿಯದ ಶ್ರೀಮಂತರ ಶಿಕ್ಷೆಯ ಕಥೆಯ ಕೆಳಗೆ, ಅದಕ್ಕೆ ಏನೂ ಸಂಬಂಧವಿಲ್ಲದಂತೆ, ದೊಡ್ಡದೊಂದು ಹಂದಿ ನಿಂತಿದೆ. ಜಾರ್ಜಿಯಾದಿಂದ ವರ್ಜೀನಿಯಾಕ್ಕೆ ೫೦೦ ಮೈಲಿ ಓಡಿಹೋದ ಸ್ವತಂತ್ರ ಹಂದಿ ಇದು, ಇದರ ಹೆಸರು ಬೆಟ್ಸ್ ಎಂದು ಹ್ಯಾರಿಯಟ್ಟಳು ವಿವರಿಸಿದಳು. ಇದರಲ್ಲಿ ಉತ್ತರದ ಕಡೆಗೆ ಓಡಿಹೋದ ಗುಲಾಮರ ನೆನಪು ಅಡಗಿದೆಯೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಈ ಊಹೆಯನ್ನು ಸಾಧಿಸುವ ಬರಹವೇನೂ ಇಲ್ಲ. ಆದುದರಿಂದ ನಿಶ್ಚಯವಾಗಿ ಹೇಳಬಾರದು. ಆದರೆ ಹಂದಿಗೆ ‘ಸ್ವತಂತ್ರ’ ಎಂಬ ವಿಶೇಷಣವನ್ನು ಕೊಟ್ಟು, ಹೆಣ್ಣು ಹೆಸರಿಟ್ಟು, ಓಡಿದ ಮೈಲಿಗಳನ್ನು ಎಣಿಸಿ, ದೇವದೂತರ ಸಾಲಿನಲ್ಲಿ ಅದಕ್ಕೆ ಜಾಗ ಮಾಡಿದವಳು ಹುಟ್ಟಿನಿಂದ ೨೭ ವರ್ಷ ಒಬ್ಬರ ಸ್ವತ್ತಾಗಿದ್ದವಳು ಎಂಬುದು ಮಾತ್ರ ಸತ್ಯ.

ಎರಡನೆಯ ಕೌದಿಯನ್ನು ಅಟ್ಲಾಂಟಾ ವಿಶ್ವವಿದ್ಯಾಲಯದ ಅಧ್ಯಾಪಕರ ಪತ್ನಿಯರು ೧೮೯೮ರಲ್ಲಿ ಅಲ್ಲಿಯ ಧರ್ಮದರ್ಶಿಗಳಲ್ಲೊಬ್ಬರಾದ ಚಾರ್ಲ್ಸ್ ಕತ್ಬರ್ಟ್ ಹಾಲ್ ಎಂಬ ಪಾದ್ರಿಗಳಿಗೆ ಕಾಣಿಕೆಯಾಗಿ ಕೊಟ್ಟರು. ಈ ಹಾಲ್ ಅವರು ಮುಂದೆ ೧೯೦೨-೦೩ರಲ್ಲಿ ನಮ್ಮ ದೇಶಕ್ಕೆ ಬಂದು ಉಪನ್ಯಾಸಮಾಲೆಯನ್ನು ನಡೆಸಿದವರು. ಅವರ ವಂಶಸ್ಥರಿಂದ ಅದು ಒಬ್ಬ ಸಂಗ್ರಾಹಕರ ಕೈಸೇರಿ, ೧೯೬೪ರಲ್ಲಿ ಬಾಸ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಬಂದಿತು. ಮೊದಲನೆಯದು ಜೆನ್ನಿ ಸ್ಮಿತ್‌ಳ ಜೀವಮಾನವೆಲ್ಲ ಆಕೆಯ ಬಳಿಯಲ್ಲಿಯೇ ಇದ್ದು, ೧೯೬೦ರ ದಶಕದ ಕೊನೆಯಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು. ಒಂದೇ ಕೈಯಿಂದ ಹುಟ್ಟಿದ ಈ ಎರಡು ಕೌದಿಗಳು ಒಂದೇ ಮನೆಯ ಸೂರಿನಡಿ ಪ್ರದರ್ಶನಕ್ಕೆ ಕೂಡಿದುದು ೨೦೨೧ರಲ್ಲಿ, ಬಾಸ್ಟನ್ನಿನಲ್ಲಿ, ಅದೇ ಮೊದಲ ಸಲ.

ಹೊಲಿದವಳ ಕಡೆಗಾಲವು ಸುಖದ್ದಾಗಿರಲಿಲ್ಲ. ಕಷ್ಟಪಟ್ಟು ಮಾಡಿದ ಭೂಮಿಯು ಭಾಗಭಾಗವಾಗಿ ಕೈಬಿಟ್ಟಿತು. ಸುಮಾರು ೧೮೯೭ರಲ್ಲಿ ತೆಗೆದ ಆಕೆಯ ಭಾವಚಿತ್ರವೊಂದು ಉಳಿದಿದೆ. ಅದರಲ್ಲಿ ಉಡುಪಿನ ಮೇಲೆ ಕಟ್ಟಿದ ಮುಂಗವಚದ ಅರಿವೆಯಲ್ಲಿಯೂ ಸ್ವಂತ ಮೇಲುಹೊಲಿಗೆಯ ಆಕೃತಿಗಳು ಕಾಣುತ್ತವೆ. ಆಕೆಯು ೧೯೧೦ರ ಜನವರಿ ೧ರಂದು ತೀರಿಕೊಂಡಳು. ಅಥೆನ್ಸಿನ ಕಪ್ಪುಜನರ ರುದ್ರಭೂಮಿಯಲ್ಲಿದ್ದ ಆಕೆಯ ಸಮಾಧಿಯ ಕಲ್ಲು ಗಿಡಗಂಟಿಗಳೊಳಗೆ ಮುಚ್ಚಿಹೋಗಿ, ಈ ಶತಮಾನದ ಆರಂಭದಲ್ಲಿ ಮಾತ್ರ ಮತ್ತೆ ಪತ್ತೆಯಾಯಿತು.

ಬಹುಕಾಲದವರೆಗೆ ಹ್ಯಾರಿಯಟ್ಟಳ ವಿಷಯದಲ್ಲಿ ಬರೆದವರೆಲ್ಲರೂ ಆಕೆಯು ನಿರಕ್ಷರಳೆಂದೇ ಬರೆದರು. ಗುಲಾಮಳಾಗಿದ್ದವಳು, ಕೌದಿ ಹೊಲಿದವಳು, ಬೇರೊಬ್ಬರ ಲೇಖನಿಯಿಂದ ತನ್ನ ಮಾತನ್ನು ಬರೆಯಿಸಿದವಳು. ಆದುದರಿಂದ ಅಕ್ಷರ ಬಾರದವಳು ಎಂದು ಅವರ ತರ್ಕ. ೨೦೦೯ರಲ್ಲಿ ಕೈರಾ ಹಿಕ್ಸ್ ಎಂಬ ಸಂಶೋಧಕಿಯು ಪ್ರಕಟಿಸಿದ ಗ್ರಂಥದಲ್ಲಿ ಹ್ಯಾರಿಯಟ್ಟಳು ೧೮೯೬ರಲ್ಲಿ ಅಯೋವಾ ಪ್ರಾಂತ್ಯದ ಮಹಿಳೆಯೊಬ್ಬಳಿಗೆ ಬರೆದ ಪತ್ರವೊಂದು ಬೆಳಕಿಗೆ ಬಂದಿತು. ಆಕೆಯು ಓದಬಲ್ಲವಳಾಗಿದ್ದಳು, ತನ್ನ ಧರ್ಮಗ್ರಂಥವನ್ನು ತಾನೇ ಓದಿ ತಿಳಿದಿದ್ದಳು, ಕನಿಷ್ಠ ನಾಲ್ಕು ಕೌದಿಗಳನ್ನು ಹೊಲಿದಿದ್ದಳು. ಶಾಪಕ್ಕೆ ಮುಂಚಿನ ಸರ್ಪಕ್ಕೆ ಕಾಲುಗಳು ಹೇಗೆ ಬಂದುವೆಂಬುದಕ್ಕೆ ಇದಕ್ಕಿಂತ ಉತ್ತರ ಬೇಕೆ? ಒಂದು ಶತಮಾನದ ತಪ್ಪು ಒಂದು ಕಾಗದದಿಂದ ಕಳೆಯಿತು. ತಪ್ಪು ಹುಟ್ಟಿದುದು ಸಾಕ್ಷ್ಯದ ಅಭಾವದಿಂದಲ್ಲ, ಕೌದಿ ಹೊಲಿಯುವವಳಿಗೆ ವಿದ್ಯೆಯಿರಲಾರದೆಂಬ ನಮ್ಮ ನಿಮ್ಮೆಲ್ಲರ ನಂಬಿಕೆಯಿಂದ.

ಪ್ರಾಣಿಗಳನ್ನು ಬಟ್ಟೆಯಲ್ಲಿ ಕತ್ತರಿಸಿ ಹೊಲಿಯುವ ಈ ವಿದ್ಯೆಯ ಬೇರು ಆಫ್ರಿಕದಲ್ಲಿದೆಯೆಂದು ಹೇಳುವವರುಂಟು. ಪಶ್ಚಿಮ ಆಫ್ರಿಕದ ದಹೋಮಿಯಲ್ಲಿ ಫಾನ್ ಜನರು ಅರಸರ ಲಾಂಛನಗಳನ್ನು, ಗೆಜೋ ಅರಸನ ಎಮ್ಮೆಯನ್ನು, ಗ್ಲೆಲೆಯ ಸಿಂಹವನ್ನು, ಬೆಹಾಂಜಿನನ ಷಾರ್ಕ್ ಮೀನನ್ನು, ಹೀಗೆಯೇ ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ಹ್ಯಾರಿಯಟ್ಟಳಿಗೆ ಆ ಸಂಪ್ರದಾಯವು ಯಾವ ದಾರಿಯಿಂದ ಬಂದಿರಬಹುದೆಂಬುದನ್ನು ವಿದ್ವಾಂಸರು ಚರ್ಚಿಸುತ್ತಿದ್ದಾರೆ. ಆಫ್ರಿಕದಿಂದ ಹೊರಟ ಹಡಗುಗಳು ಪಶ್ಚಿಮಕ್ಕೆ ಮಾತ್ರ ಹೋಗಲಿಲ್ಲ, ಪೂರ್ವಕ್ಕೂ ಬಂದವು. ಪೋರ್ತುಗೀಜರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದ ಜನರ ಸಂತತಿಯವರು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸುತ್ತಲಿನ ಸಿದ್ದಿಗಳು. ಸಿದ್ದಿ ಹೆಂಗಸರು ಹಳೆಯ ಸೀರೆ ಅಂಗಿಗಳ ತುಂಡುಗಳಿಂದ ಕೌದಿಯನ್ನು ಹೊರ ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಹೋಗುವರು. ನಾಲ್ಕು ಮೂಲೆಗಳಲ್ಲಿಯೂ ಮಡಿಕೆಯ ಮೇಲೆ ಮಡಿಕೆಯಿಟ್ಟು ‘ಫೂಲ’ ಎಂಬ ಹೂವನ್ನು ಹೊಲಿಯದೆ ಬಿಟ್ಟರೆ ಆ ಕೌದಿಯು ಬತ್ತಲೆಯೆಂದು ಅವರ ಭಾವನೆ. ಜಾರ್ಜಿಯಾದ ಹೆಂಗಸಿಗೂ ಇವರಿಗೂ ಪರಸ್ಪರ ಪರಿಚಯವಿರಲಿಲ್ಲ. ಆದರೆ ಇಬ್ಬರ ಪೂರ್ವಿಕರೂ ಒಂದೇ ಖಂಡದಿಂದ ಬಲಾತ್ಕಾರವಾಗಿ ಬಂದವರು. ಇಬ್ಬರೂ ಇತರರು ಎಸೆದ ಚೂರನ್ನು ಎಸೆಯದವರು.

ನಮ್ಮ ಜಿಲ್ಲೆಗಳ ಸಂಘಗಳು ಶಾಸನಗಳನ್ನು ಪ್ರತಿಮಾಡುತ್ತವೆ, ಓಲೆಗಳನ್ನು ಸಂಗ್ರಹಿಸುತ್ತವೆ, ಹಾಡುಗಳನ್ನು ಬರೆದುಕೊಳ್ಳುತ್ತವೆ. ಇವು ಆಗತಕ್ಕ ಕೆಲಸಗಳೇ. ಇವುಗಳ ಜೊತೆಗೆ ಇನ್ನೊಂದನ್ನು ಮಾಡುವುದು ಕಷ್ಟವಲ್ಲ. ಮನೆಯ ಹಿರಿಯ ಹೆಂಗಸು ಹೊಲಿದ ಕೌದಿಯೊಂದನ್ನು ಆಕೆಯು ಇರುವಾಗಲೇ ಬಿಡಿಸಿ, ಒಂದೊಂದು ತುಂಡನ್ನೂ ಕೇಳಿ, ಆಕೆಯ ಹೆಸರಿನೊಡನೆ ಬರೆದಿಡುವುದು. ಜೆನ್ನಿ ಸ್ಮಿತ್‌ಳು ಅರೆಬೆಲೆ ಕೊಟ್ಟರೂ ಈ ಒಂದು ಕೆಲಸವನ್ನು ಮಾಡಿದಳು. ಅದರಿಂದಾಗಿ ಐದು ಡಾಲರಿಗೆ ಕೈಬಿಟ್ಟ ಕೌದಿಯು ಹ್ಯಾರಿಯಟ್ಟಳ ಹೆಸರಿನಲ್ಲಿಯೇ ಉಳಿಯಿತು. ನಮ್ಮ ಮನೆಗಳಲ್ಲಿ ಬೆಲೆ ಕೊಡುವ ಮಾತೂ ಇಲ್ಲ. ಕೇಳುವ ಮನಸ್ಸೊಂದು ಬೇಕು, ಬರೆದುಕೊಳ್ಳಲು ಒಂದು ಸಂಜೆ ಬೇಕು.